ಕೊಡುವಾಗ ‘ಸರ್’, ಕೇಳುವಾಗ ‘ಏನ್ರೀ’

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಕೆಲಸ ಕಳೆದುಕೊಂಡ ಹುಡುಗರ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಹೋದ ಸಂಚಿಕೆಯಲ್ಲಿ ಮರುಗಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚದವರು ಅನುಭವಿಸಲಿ. ಕೆಟ್ಟ ಕಾಲದಲ್ಲಿ ಬ್ಯಾಂಕು ಕೈ ಬಿಗಿ ಮಾಡಿದರೆ ತಪ್ಪೇನು? ಬೆಂಗಳೂರಿನಲ್ಲಿ ಇಂಥದೇ ಸಾಲದಲ್ಲಿರುವ ನನ್ನ ಮಗನಿಗೂ ಇದನ್ನೇ ಹೇಳಿದೆ. ಈಗ ಅವನು ಫೋನ್ ಎತ್ತುತ್ತಿಲ್ಲ.”

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬ್ಯಾಂಕಿನ ಕಷ್ಟವೂ ಸುಳ್ಳಲ್ಲ, ಒಪ್ಪಿದೆ. ಕಾರ್ಡ್ ಸಾಲಕ್ಕೆ ಒಡವೆಯ ಅಡವಿಲ್ಲ, ಮನೆ ಪತ್ರವಿಲ್ಲ. ಅಮೆರಿಕದಲ್ಲಿ 2008ರ ಕುಸಿತದ ನಂತರ ಬ್ಯಾಂಕುಗಳು ಬರಲಾರದೆಂದು ಬರೆದುಹಾಕಿದ ಕಾರ್ಡ್ ಸಾಲದ ಪ್ರಮಾಣ 2010ರಲ್ಲಿ ಶೇ 10 ದಾಟಿತ್ತು. ಸಣ್ಣ ವ್ಯಾಪಾರಿಗಳಿಗೆ ಕಾರ್ಡ್ ಕೊಡುತ್ತಿದ್ದ ಅಡ್ವಾಂಟಾ ಕಂಪನಿ 2009ರಲ್ಲಿ ಎಲ್ಲರ ಕಾರ್ಡನ್ನೂ ಒಟ್ಟಿಗೆ ನಿಲ್ಲಿಸಿತು. ಅದೇ ವರ್ಷ ದಿವಾಳಿಯೂ ಆಯಿತು.

ಆದರೆ ಆ ಹಾಸಿಗೆ ಹಾಸಿ ಕರೆದವರು ಯಾರು? ಅದನ್ನು ನೀವು ಕೇಳಲೇ ಇಲ್ಲ. 2007ರ ಬೆಂಗಳೂರು ನನಗೆ ಚೆನ್ನಾಗಿ ನೆನಪಿದೆ. ಪೆಟ್ರೋಲ್ ಬಂಕು, ಮಾಲ್ ಬಾಗಿಲು, ಎಲ್ಲಿ ನಿಂತರೂ ಟೈ ಕಟ್ಟಿದ ಹುಡುಗರು. “ಸರ್, ಲೈಫ್‌ಟೈಮ್ ಫ್ರೀ ಸರ್, ಒಂದು ಸೈನ್ ಸಾಕು ಸರ್.” 2008ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 2.75 ಕೋಟಿ ಕಾರ್ಡುಗಳಿದ್ದವು. ಎರಡೇ ವರ್ಷಕ್ಕೆ ಅದು 1.83 ಕೋಟಿಗೆ ಇಳಿಯಿತು. ಸುಮ್ನೆ ಡ್ರಾಯರಿನಲ್ಲಿ ಬಿದ್ದಿದ್ದ ಕಾರ್ಡುಗಳೂ ಹೀಗೆ ನಿಂತವುಗಳಲ್ಲಿ ಇದ್ದಿರಬಹುದು. ಎಲ್ಲವೂ ಅಲ್ಲ.

ನನ್ನ ಅಕ್ಕನ ಮಗನ ಕೆಲಸ ಹೋದದ್ದು ಆಗಲೇ. ಒಂದು ಕಂತೂ ತಪ್ಪಿಸಿದವನಲ್ಲ. ಒಂದು ಸಂಜೆ ಅಕ್ಕನ ಬಿಪಿ ಮಾತ್ರೆಗೆಂದು ಇಬ್ಬರೂ ಮೆಡಿಕಲ್ ಶಾಪಿಗೆ ಹೋದೆವು. ಕಾರ್ಡ್ ಉಜ್ಜಿದರು. ಮೆಷಿನ್ನಿಂದ ಕಿರ್ರೆಂದು ಚೀಟಿ ಬಂತು. ಅಂಗಡಿಯವರು ಮಾತಾಡದೆ ಅದನ್ನು ಅವನ ಕಡೆ ತಿರುಗಿಸಿ ಇಟ್ಟರು. ಎಂಬತ್ತು ಸಾವಿರ ಇದ್ದ ಲಿಮಿಟ್ಟನ್ನು ಅವನ ಬಾಕಿ ಎಷ್ಟಿತ್ತೋ ಅಷ್ಟಕ್ಕೇ ಇಳಿಸಿದ್ದರು. ಹುಡುಗ ಮೂರು ಶೀಟ್ ಮಾತ್ರೆಯಲ್ಲಿ ಎರಡನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ಜೇಬು ತಡಕಿದ. ನಾನು ಪರ್ಸ್ ತೆಗೆದರೆ “ಬೇಡ ಮಾಮ” ಅಂದ. ಅವನ ಕಿವಿ ಕೆಂಪಾಗಿತ್ತು. ಇದು ಶೋಕಿ ಸಾಲವೇ ಮೇಷ್ಟ್ರೇ?

ನೀವು ಲೆಕ್ಕ ಕಲಿಸಿದವರು, ಇದನ್ನೂ ಮಾಡಿ ನೋಡಿ. ಬಾಕಿ 50,000. ತಿಂಗಳ ಬಡ್ಡಿ ಶೇ 3.5, ಅಂದರೆ 1,750 ರೂಪಾಯಿ. ಅದರ ಮೇಲೆ ಜಿಎಸ್‌ಟಿ 315. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಶೇ 5 ಅಂದುಕೊಳ್ಳಿ, 2,500. ಕಟ್ಟಿದವನು ನೆಮ್ಮದಿಯಿಂದ ಮಲಗುತ್ತಾನೆ. ಸಾಲ ಇಳಿದದ್ದು ಬರೀ 435 ರೂಪಾಯಿ! ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಬೇಡವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲೇ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಕೊರೋನಾ ಕಾಲದಲ್ಲಿ ಆರು ತಿಂಗಳು ಕಂತು ಮುಂದೂಡಲು ಬಿಟ್ಟರು, ಬಡ್ಡಿ ಮಾತ್ರ ಓಡುತ್ತಲೇ ಇತ್ತು.

ಲಗಾಮು ಹಾಕಬೇಕಾದದ್ದು ಒಳ್ಳೆ ಕಾಲದಲ್ಲಿ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನೇ ಮಾಡಿತು. ಕಾರ್ಡ್ ಸಾಲದ ರಿಸ್ಕ್ ವೆಯ್ಟನ್ನು, ಅಂದರೆ ಆ ಸಾಲದ ಅಪಾಯಕ್ಕೆ ಕಟ್ಟುವ ತೂಕವನ್ನು, ಶೇ 125ರಿಂದ 150ಕ್ಕೆ ಏರಿಸಿತು. ಇಂಥ ಸಾಲ ಕೊಡುವ ಬ್ಯಾಂಕು ಈಗ ತನ್ನ ಬಂಡವಾಳವನ್ನೂ ಜಾಸ್ತಿ ತೆಗೆದಿಡಬೇಕು. ನನಗೆ ಇದರಿಂದ ನಿಜಕ್ಕೂ ಸಂತೋಷವಾಯಿತು.

ಇನ್ನೊಂದು ಸಂಕಟವಿದೆ, ಹೇಳಿಬಿಡುತ್ತೇನೆ. ಕಾರ್ಡಿನ ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಆದಷ್ಟೂ ಸ್ಥಳೀಯ ಭಾಷೆಯಲ್ಲೂ ಇರಲಿ ಅನ್ನುತ್ತದೆ ರಿಸರ್ವ್ ಬ್ಯಾಂಕ್. ನನ್ನ ಕೈಗೆ ಇವತ್ತಿನವರೆಗೆ ಕನ್ನಡದ ಒಂದು ಹಾಳೆಯೂ ಬಂದಿಲ್ಲ. ವಸೂಲಿಗೆ ಫೋನ್ ಮಾಡುವವರು ಮಾತ್ರ ಅಚ್ಚ ಕನ್ನಡದಲ್ಲಿ ಬೈಯುತ್ತಾರೆ. ಸಹಿ ಹಾಕುವಾಗ ಬೇಡವಾದ ಭಾಷೆ ಆಗ ಎಲ್ಲಿಂದ ಬರುತ್ತದೆ?

ನಿಮ್ಮ ಮಗ ಫೋನ್ ಎತ್ತದಿರುವುದು ಸೊಕ್ಕಿನಿಂದಲ್ಲ ಮೇಷ್ಟ್ರೇ. ಯಾವ ನಂಬರ್ ಬಂದರೂ ಸಾಲದವರದೇ ಅಂತ ಅವನಿಗೆ ಹೆದರಿಕೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯವರು ಫೋನ್ ಮಾಡುವಂತಿಲ್ಲ, ಇದನ್ನು ಅವನಿಗೆ ತಿಳಿಸಿ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿಕೊಡಿ ಅಂತ ಬ್ಯಾಂಕಿಗೆ ಬರೆದೇ ಕೇಳಲಿ. ಫೋನಿಗೆ ಕಾಯಬೇಡಿ, ಈ ಭಾನುವಾರವೇ ಬೆಂಗಳೂರಿನ ಬಸ್ಸು ಹತ್ತಿ. ಹಾಸಿಗೆಯ ಮಾತು ಮಾತ್ರ ಎತ್ತಬೇಡಿ.