ಪ್ರವಾಸಿಗರಿಗೆ ಬಿದ್ರಿ ತರಗತಿ ನಡೆಸುವುದು ಹೇಗೆ?

ಬೀದರ್ ಕೋಟೆ ನೋಡಲು ಬರುವವರಿಗೆ ನಿಮ್ಮ ಹೋಂಸ್ಟೇಯಲ್ಲಿ ಬಿದ್ರಿಯ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕರಕುಶಲದ, ಎರಡು ಗಂಟೆಯ ತರಗತಿ ನಡೆಸಬೇಕು, ಅದರಿಂದ ಕುಶಲಕರ್ಮಿಗಳಿಗೂ ನಾಲ್ಕು ಕಾಸು ಸಿಗಬೇಕು, ಹೇಗೆ ಎಂದು ಕೇಳಿದ್ದೀರಿ.

ಖಂಡಿತ ನಡೆಸಿ. ಆದರೆ ನನ್ನ ಮಟ್ಟಿಗೆ ಉಸ್ತಾದರನ್ನು (ನುರಿತ ಕುಶಲಕರ್ಮಿಯನ್ನು) ಹೋಂಸ್ಟೇಗೆ ಕರೆಸುವುದಕ್ಕಿಂತ ಅತಿಥಿಗಳನ್ನೇ ಹಳೆ ಊರಿನ ಕಾವಲು ಗೋಪುರ ಚೌಬಾರಾ ಸುತ್ತಲಿನ ಓಣಿಗಳಲ್ಲಿರುವ ಅವರ ಕಾರ್ಖಾನೆಗೆ ಕರೆದೊಯ್ಯುವುದು ಮೇಲು. ಅವರ ದಿನದ ಕೆಲಸ ಕೆಡುವುದಿಲ್ಲ. ಒಬ್ಬ ಉಸ್ತಾದರಿಗೆ ಆರು ಜನಕ್ಕಿಂತ ಹೆಚ್ಚು ಬೇಡ.

ಎರಕದ ಕೆಲಸ ಅತಿಥಿಗಳಿಗೆ ಬೇಡವೇ ಬೇಡ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕರಗಿಸಬೇಕು. ಸತು ಮಿತಿಮೀರಿ ಕಾದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ. ಎರಕ ಹೊಯ್ದು ಅರ ಹಾಕಿದ ಎರಡು ಇಂಚಿನ ಬಿಲ್ಲೆಗಳನ್ನು ಮೊದಲೇ ಮಾಡಿಸಿಡಿ. ಅದಕ್ಕೆ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರಿದರೆ ತಾತ್ಕಾಲಿಕ ಕಪ್ಪು ಬರುತ್ತದೆ, ಗೀರಿದ ಗೆರೆ ಕಣ್ಣಿಗೆ ಕಾಣುತ್ತದೆ. ಅತಿಥಿ ಒಂದು ಎಲೆಯನ್ನೋ ಬಳ್ಳಿಯನ್ನೋ ಗೀರಲಿ, ಉಳಿಯಲ್ಲಿ ನಾಲ್ಕೈದು ಗೆರೆ ಕೆತ್ತಲಿ. ಮಿಕ್ಕಿದ್ದು ಉಸ್ತಾದರ ಕೈಗೆ.

ಹೆಚ್ಚಾಗಿ ಕೆಡುವುದು ಬೆಳ್ಳಿ ಕೂರಿಸುವಲ್ಲಿ. ಗೆರೆ ಆಳವಿಲ್ಲದಿದ್ದರೆ ಸುತ್ತಿಗೆ ಹೊಡೆದಾಗ ತಂತಿ ಕೂತಂತೆ ಕಾಣುತ್ತದೆ, ಅರ ಹಾಕುವಾಗ ಎದ್ದು ಬರುತ್ತದೆ. ತಂತಿ ಅಪ್ಪಟ ಬೆಳ್ಳಿಯದೇ ಇರಲಿ. ಬೆರಕೆ ಬೆಳ್ಳಿ ಗಡುಸು, ಗೆರೆಯೊಳಗೆ ಹರಡಿಕೊಳ್ಳುವುದಿಲ್ಲ.

ಕೊನೆಯ ಅರ್ಧ ಗಂಟೆಯನ್ನು ಕಪ್ಪೇರಿಸಲು ಮೀಸಲಿಡಿ, ತರಗತಿಯ ಜೀವ ಇರುವುದೇ ಅಲ್ಲಿ. ಮೊದಲು ಉಜ್ಜಿ ಮೈಲುತುತ್ತದ ಕಪ್ಪನ್ನೆಲ್ಲ ತೆಗೆಯಬೇಕು, ಆಗ ಬಿಲ್ಲೆಯೂ ಬೆಳ್ಳಿಯೂ ಒಂದೇ ಬಣ್ಣ. ಕೋಟೆಯ ಹಳೆಯ ಕಟ್ಟಡಗಳೊಳಗೆ ಬಿಸಿಲು, ಮಳೆ ತಾಗದೆ ಉಳಿದ ಮಣ್ಣನ್ನು ಉಸ್ತಾದರು ಚಿಟಿಕೆ ತೆಗೆದು ನಾಲಿಗೆಯ ತುದಿಗಿಟ್ಟು ಪರೀಕ್ಷಿಸುತ್ತಾರೆ. ಅದಕ್ಕೆ ನವಸಾಗರ (ಅಮೋನಿಯಂ ಕ್ಲೋರೈಡ್), ನೀರು ಬೆರೆಸಿ, ಹದವಾಗಿ ಕಾಯಿಸಿದ ಬಿಲ್ಲೆಗೆ ಬಳಿದು ತೊಳೆದರೆ ಲೋಹವೆಲ್ಲ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಈ ಕೆಲಸಕ್ಕೆ ಗಾಳಿಯಾಡುವ ಜಾಗವೇ ಬೇಕು, ವಾಸನೆ ಮೂಗಿಗೆ ಹೊಡೆಯುತ್ತದೆ. ಕಪ್ಪು ತೇಪೆತೇಪೆಯಾಗಿ ಬಂದರೆ ಮೊದಲು ಬೆರಳಿನ ಜಿಡ್ಡನ್ನು ಶಂಕಿಸಿ. ಉಜ್ಜಿದ ಬಿಲ್ಲೆಯನ್ನು ಆರು ಜನರ ಕೈಗೆ ದಾಟಿಸಬೇಡಿ, ಅಂಚು ಹಿಡಿದೇ ಕೊಡಿ. ಮಣ್ಣನ್ನು ಉಸ್ತಾದರಿಂದಲೇ ಪಡೆಯಿರಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪ್ರವಾಸಿಗರ ಕೈಯಲ್ಲಿ ಅಗೆಸುವ ಆಟ ಬೇಡ.

ಈಗ ಹಣದ ಮಾತು. ಎರಕದವರು, ನಕ್ಷೆ ಗೀರುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು ಎಷ್ಟೋ ಕಡೆ ಬೇರೆ ಬೇರೆ ಜನ. ದುಡ್ಡೆಲ್ಲ ಅಂಗಡಿಯವರ ಕೈಗೆ ಹೋದರೆ ಎರಕದವರವರೆಗೆ ಅದು ತಲುಪುತ್ತದೆಂಬ ಭರವಸೆಯಿಲ್ಲ. ಬಿಲ್ಲೆಗೆ ಇಷ್ಟು, ಕೆತ್ತನೆಗೆ ಇಷ್ಟು ಎಂದು ಮೊದಲೇ ಮಾತಾಡಿ ನೇರವಾಗಿ ಕೊಡಿ. ಬೆಳ್ಳಿಯ ಲೆಕ್ಕ ಬೇರೆಯೇ ಇರಲಿ, ಆ ದಿನದ ದರದಲ್ಲಿ, ತೂಕಕ್ಕೆ. ಇಬ್ಬರೇ ಬಂದರೂ ಉಸ್ತಾದರ ಕೂಲಿ ಕಡಿಮೆಯಾಗಬಾರದು. ಅಗ್ಗದ ಕೀಚೈನ್‌ಗಾಗಿ ಚೌಕಾಸಿ ಮಾಡಿದರೆ ಮೊದಲು ತೆಳುವಾಗುವುದು ಬೆಳ್ಳಿ, ಆಮೇಲೆ ಕೆತ್ತನೆಯ ಆಳ. ಬಿದ್ರಿಗೆ 2006ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೊಂದೇ ಅದನ್ನು ತಡೆಯಲಾರದು.

ಬಿಲ್ಲೆಯ ಜೊತೆ ಒಂದು ಚೀಟಿ ಇಡಿ. ಒಂದು ಬದಿ ಕೆಲಸ ಮಾಡಿದವರೆಲ್ಲರ ಹೆಸರು, ಅವರ ಒಪ್ಪಿಗೆ ಪಡೆದು. ಇನ್ನೊಂದು ಬದಿ: ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ, ಕಪ್ಪು ಹೋಗುತ್ತದೆ, ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ.