ಕೌಂಟರ್ ಹಿಂದೆ ನಿಂತವನು

ಓದುಗರ ಪತ್ರ: ಹಳೆಯ ಅಮೆರಿಕನ್ ಸಿಟ್‌ಕಾಮ್‌ಗಳನ್ನು, ಅಂದರೆ ಹಾಸ್ಯ ಧಾರಾವಾಹಿಗಳನ್ನು, ಮತ್ತೆ ನೋಡುತ್ತಿದ್ದೇನೆ. ಸಣ್ಣಪುಟ್ಟ ಪಾತ್ರಗಳು ಬಂದರೆ ಮುಂದಕ್ಕೆ ಓಡಿಸುತ್ತೇನೆ. ಕಥೆಗೆ ಅವರಿಂದ ಏನು ಉಪಯೋಗ? ಮುಂದೆ ಯಾವುದನ್ನು ನೋಡಲಿ?

ಸಂಪಾದಕರ ಉತ್ತರ: ಓಡಿಸುತ್ತೀರಾ? ಅದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೀರಿ ಅಂತ ಅರ್ಧ ಕ್ಷಮಿಸಿದ್ದೇನೆ.

ನಿಮ್ಮ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ‘ಫ್ಯಾಮಿಲಿ ಮ್ಯಾಟರ್ಸ್’ಗೆ ಒಂದೇ ಕಂತಿಗೆಂದು ಬಂದ ಪಕ್ಕದ್ಮನೆ ಹುಡುಗ ಅರ್ಕೆಲ್ ಇಡೀ ಮನೆಯನ್ನೇ ಆಕ್ರಮಿಸಿಕೊಂಡ. ಆ ಮನೆಯ ಕಿರಿಯ ಮಗಳು ಒಂದು ದಿನ ಕಾಣೆಯಾದಳು. ಯಾರೂ ಕೇಳಲೂ ಇಲ್ಲ. ಸರಿ, ನಿಮಗೊಂದು ಅಂಕ.

ಆದರೆ ‘ಫ್ರೆಂಡ್ಸ್’ನ ಕಾಫಿ ಅಂಗಡಿಯಲ್ಲಿ ನಿಲ್ಲುವ ಗುಂಥರ್‌ನನ್ನೂ ಓಡಿಸಿದಿರಾ? ಆ ಪಾತ್ರ ಮಾಡಿದ ಜೇಮ್ಸ್ ಮೈಕೆಲ್ ಟೈಲರ್ ನಿಜವಾಗಿಯೂ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಕಾಫಿ ಮೆಷಿನ್ ನಡೆಸಲು ಬರುತ್ತಿತ್ತು, ಅದಕ್ಕೇ ಕರೆದು ನಿಲ್ಲಿಸಿದರು. ಮೊದಲ ಸೀಸನ್ನಿನಲ್ಲಿ ಒಂದು ಮಾತೂ ಇಲ್ಲ. ಮುಂದೆ ಆರು ಜನ ಸೋಫಾದಲ್ಲಿ ಕೂತು ತಮ್ಮ ಪ್ರೇಮದ ಗೋಳು ತೋಡಿಕೊಳ್ಳುತ್ತಾರೆ. ಹಿಂದೆ, ಕೌಂಟರ್ ಬಳಿ, ಇವನು ಆ ಆರರಲ್ಲೊಬ್ಬಳಾದ ರೇಚಲ್‌ಳನ್ನು ನೋಡುತ್ತಾ ನಿಂತಿರುತ್ತಾನೆ. ಅವರ ಗೋಳಿಗೆ ಸಾವಿರ ಡೈಲಾಗು, ಇವನದಕ್ಕೆ ಬರೀ ನೋಟ. 2004ರ ಕೊನೆಯ ಕಂತಿನಲ್ಲಿ ಕಡೆಗೂ ಬಾಯಿಬಿಟ್ಟು ಹೇಳುತ್ತಾನೆ. ವರ್ಷಗಟ್ಟಲೆ ಅವನನ್ನು ಓಡಿಸಿದವರಿಗೆ ಆ ಅರ್ಧ ನಿಮಿಷ ಏನೂ ಅನ್ನಿಸುವುದಿಲ್ಲ, ಅಲ್ವಾ?

ಒಂದು ಬಾರಿನಲ್ಲೇ ನಡೆಯುವ ‘ಚಿಯರ್ಸ್’ನ ಪೋಸ್ಟ್‌ಮನ್ ಕ್ಲಿಫ್ ಹುಟ್ಟಿದ್ದೂ ಹೀಗೇ ಆಕಸ್ಮಿಕವಾಗಿ. ಆ ಪಾತ್ರ ಮಾಡಿದ ಜಾನ್ ರಾಟ್ಜೆನ್‌ಬರ್ಗರ್ ಮೊದಲು ಬಾರಿನ ಖಾಯಂ ಗಿರಾಕಿ ನಾರ್ಮ್‌ನ ಪಾತ್ರ ಕೇಳಿಕೊಂಡು ಹೋಗಿದ್ದರು. ಸಿಗುವ ಲಕ್ಷಣ ಕಾಣಲಿಲ್ಲ. ಹೊರಡುವಾಗ, ನಿಮ್ಮ ಬಾರಿನಲ್ಲಿ ಎಲ್ಲ ಗೊತ್ತಿದೆ ಅಂತ ಕೊಚ್ಚಿಕೊಳ್ಳುವವನು ಯಾರಾದರೂ ಇದ್ದಾನಾ ಅಂತ ಕೇಳಿದರು. ಅಲ್ಲೇ ಮಾಡಿಯೂ ತೋರಿಸಿದರು. ಅದೇ ಬಾರಿಗೆ 1984ರಲ್ಲಿ ನಾಲ್ಕು ದಿನದ ನೆಂಟನಂತೆ ಬಂದ ಮನೋವೈದ್ಯ ಫ್ರೇಸಿಯರ್, ಆಮೇಲೆ ತನ್ನದೇ ಹೆಸರಿನ ಧಾರಾವಾಹಿ ಕಟ್ಟಿಕೊಂಡು 2004ರವರೆಗೂ ಏಳಲೇ ಇಲ್ಲ.

ಆಗ ಒಂದು ಸೀಸನ್ನಿಗೆ ಇಪ್ಪತ್ತಕ್ಕಿಂತ ಜಾಸ್ತಿ ಕಂತುಗಳು. ಸುಮ್ನೆ ಬಂದು ಕೂರುವವರಿಗೂ ಜಾಗವಿತ್ತು. ಈಗ ಎಂಟೋ ಹತ್ತೋ ಕಂತು. ಬಾಗಿಲು ತೆರೆದವನೂ ಕಥೆ ಮುಂದೆ ತಳ್ಳಲೇಬೇಕು. ಪತ್ರಿಕೆಗಳೂ ಹಾಗೇ ಆಗಿವೆ. ಪುಟದ ಮೂಲೆಯಲ್ಲಿದ್ದ ನಾಲ್ಕು ಸಾಲಿನ ತಮಾಷೆಗೆ ಮೊದಲು ಕತ್ತರಿ. ಆ ಕತ್ತರಿ ಹಾಕಿದವನೂ ನಾನೇ ಅನ್ನಿ.

ಮುಂದೆ ಯಾವುದು ಅಂತ ಕೇಳಿದ್ದೀರಿ. ‘ಚಿಯರ್ಸ್’ ಹಾಕಿ. ರಿಮೋಟ್ ಪಕ್ಕದ ರೂಮಿನಲ್ಲಿಡಿ. ಬಾಗಿಲು ತೆರೆಯುತ್ತದೆ, ಇಡೀ ಬಾರು ‘ನಾರ್ಮ್!’ ಅಂತ ಕೂಗುತ್ತದೆ, ಆ ದಪ್ಪ ಮನುಷ್ಯ ಮೂಲೆಯ ಸ್ಟೂಲಿನವರೆಗೆ ನಡೆದುಹೋಗುತ್ತಾನೆ. ಅಷ್ಟು ದೂರವಾದರೂ ಅವನ ಜೊತೆ ನಡೆಯಿರಿ.