ಬ್ಯಾಗಿನ ತಳದಲ್ಲಿದ್ದರೆ ಇಲ್ಲದ ಹಾಗೇ

ಪ್ರಶ್ನೆ: ಮೇಡಂ, ಮೊದಲ ಸಲ ದೊಡ್ಡ ಕಾಮಿಕ್ಸ್ ಮತ್ತು ಅನಿಮೆ (ಜಪಾನಿ ಅನಿಮೇಷನ್) ಅಭಿಮಾನಿಗಳ ಮೇಳಕ್ಕೆ ಹೊರಟಿದ್ದೇನೆ. ಕಡು ಬೇಸಿಗೆ. ಬಿಸಿಲು 40 ಡಿಗ್ರಿ ಮುಟ್ಟಬಹುದು ಎಂದು ಮುನ್ಸೂಚನೆ ಇದೆ. ಒಳಗೆ ಹೋಗುವುದಕ್ಕೇ ಗಂಟೆಗಟ್ಟಲೆ ಕ್ಯೂ ನಿಲ್ಲಬೇಕಂತೆ. ಒಯ್ಯುವ ಸಾಮಾನಿನ ಪಟ್ಟಿ ಬರೆಯುತ್ತಲೇ ಇದ್ದೇನೆ, ಮುಗಿಯುತ್ತಿಲ್ಲ. ಏನು ತಗೊಳ್ಳಲಿ, ಏನು ಬಿಡಲಿ?

ಉತ್ತರ: ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ಕ್ಯೂನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಹಿಂದೆ ಜನ, ಮುಂದೆ ಜನ, ನೆತ್ತಿ ಮೇಲೆ ಬಿಸಿಲು. ಬ್ಯಾಗ್ ಕೆಳಗಿಟ್ಟು ತಡಕಾಡುವಷ್ಟು ಜಾಗ ಇಲ್ಲ. ಆಗ ಒಂದು ಕೈಗೆ ಏನು ಸಿಗುತ್ತದೋ ಅಷ್ಟೇ ನಿಮ್ಮ ಸಾಮಾನು. ಉಳಿದದ್ದೆಲ್ಲ ಸುಮ್ನೆ ಹೊರೆ.

ಇಂಥ ಮೇಳಗಳಲ್ಲಿ ನಾನು ಪ್ರಥಮ ಚಿಕಿತ್ಸೆಯ ಟೇಬಲ್ ಹತ್ತಿರ ಸ್ವಯಂಸೇವಕಿಯಾಗಿ ಕೂರುತ್ತೇನೆ. ತಲೆಸುತ್ತು ಎಂದು ಬರುವವರ ಬ್ಯಾಗಿನಲ್ಲಿ ನೀರು ಇರುವುದಿಲ್ಲ ಎಂದುಕೊಳ್ಳಬೇಡಿ. ಇರುತ್ತದೆ. ತುಂಬಿದ ಬಾಟಲಿ, ಮುಚ್ಚಳ ಕೂಡ ತೆಗೆದಿರುವುದಿಲ್ಲ. ಮೇಲೆ ಜಾಕೆಟ್, ಅದರ ಮೇಲೆ ಸಹಿ ಹಾಕಿಸಲು ತಂದ ಪುಸ್ತಕಗಳು, ಅದರ ಮೇಲೆ ಕೊಂಡ ಪೋಸ್ಟರ್. 'ಆಮೇಲೆ ಕುಡಿಯೋಣ' ಎಂದುಕೊಂಡೇ ಕ್ಯೂ ಮುಗಿಸಿರುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ಮೊದಲು ನೀರಿಗೆ ಜಾಗ ಮಾಡಿ. ಬ್ಯಾಗಿನ ಪಕ್ಕದ ಜೇಬಿನಲ್ಲೋ ಹೆಗಲಿಗೆ ಹಾಕುವ ಪಟ್ಟಿಯಲ್ಲೋ ಇರಲಿ. ಹಿಂದಿನ ರಾತ್ರಿ ಬಾಟಲಿಗೆ ಅರ್ಧ ನೀರು ತುಂಬಿ ಫ್ರೀಜರ್‌ನಲ್ಲಿ ಅಡ್ಡ ಮಲಗಿಸಿಡಿ. ಬೆಳಿಗ್ಗೆ ಉಳಿದರ್ಧಕ್ಕೆ ಮಾಮೂಲಿ ನೀರು ಹಾಕಿದರೆ ಹೊತ್ತು ಏರುವವರೆಗೂ ತಣ್ಣಗಿರುತ್ತದೆ. ಬಾಟಲಿಗೆ ಸಣ್ಣ ಟವೆಲ್ ಸುತ್ತಿಡಿ. ಹೊರಗೆ ಕಟ್ಟುವ ನೀರಹನಿಗಳನ್ನು ಅದು ಹೀರಿಕೊಳ್ಳುತ್ತದೆ, ಆ ಒದ್ದೆ ಟವೆಲ್ಲೇ ಕುತ್ತಿಗೆಗೆ ಆಗುತ್ತದೆ. ಕೆಲವು ಕಡೆ ಗಾಜಿನ ಅಥವಾ ಲೋಹದ ಬಾಟಲಿ ಒಳಗೆ ಬಿಡುವುದಿಲ್ಲ. ಆ ನಿಯಮ ಮೊದಲೇ ಓದಿಕೊಳ್ಳಿ.

ಬಾಯಾರಿಕೆ ಆಗುವವರೆಗೂ ಕಾಯಬೇಡಿ. ಬಿಸಿಲಲ್ಲಿ ಕೆಲಸ ಮಾಡುವವರಿಗೆ ಹೇಳುವ ಲೆಕ್ಕವೇ ನಿಮಗೂ ಸಾಕು: 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ. ಹಾಗಂತ ಒಂದೇ ಸಲ ಲೀಟರ್‌ಗಟ್ಟಲೆ ಸುರಿದುಕೊಳ್ಳುವುದೂ ತಪ್ಪು. ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದು. ಬರೀ ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ. ಜಾಸ್ತಿ ಬೆವರುವವರು ಎರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಅದರಲ್ಲೂ ಉಪ್ಪಿನದು.

ಕೈಯಲ್ಲಿ ಹಿಡಿಯುವ ಬ್ಯಾಟರಿ ಫ್ಯಾನ್ ತಗೊಳ್ಳಲೇ ಎಂದು ಬಹಳ ಜನ ಕೇಳುತ್ತಾರೆ. ತಗೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಬಿಸಿಲು 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿ ಗಾಳಿಯನ್ನೇ ಮೈಮೇಲೆ ದಬ್ಬುತ್ತದೆ, ಮೈ ಇನ್ನಷ್ಟು ಕಾಯುತ್ತದೆ. ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಸೆಕೆ ಜಾಸ್ತಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಇಳಿಯುತ್ತದೆ, ಆದರೆ ಆರುವುದಿಲ್ಲ. ಅದಕ್ಕೇ ಸಣ್ಣ ಸ್ಪ್ರೇ ಬಾಟಲಿ, ಒದ್ದೆ ಟವೆಲ್, ಅಗಲ ಅಂಚಿನ ಟೋಪಿ ನನ್ನ ಮಟ್ಟಿಗೆ ಫ್ಯಾನ್‌ಗಿಂತ ಮೇಲು. ಕೊಡೆ ಬೇಡ. ಜನಸಂದಣಿಯಲ್ಲಿ ಅದರ ಕಡ್ಡಿ ಯಾರದಾದರೂ ಕಣ್ಣಿನ ಎತ್ತರಕ್ಕೇ ಬರುತ್ತದೆ. ಮಳೆ ಬರುವ ಹಾಗಿದ್ದರೆ ತೆಳ್ಳನೆ ರೇನ್‌ಕೋಟ್, ಪುಸ್ತಕ ಮತ್ತು ಚಿತ್ರಗಳಿಗೆ ಜಿಪ್ ಕವರ್. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಹೊಸ ಶೂ ಹಾಕಿಕೊಳ್ಳಬೇಡಿ. ಒಂದು ಜೊತೆ ಒಣ ಕಾಲುಚೀಲ, ಬೊಬ್ಬೆಗೆ ಅಂಟಿಸುವ ಪಟ್ಟಿ, ಕೈಗೆ ಸೋಪು, ಒಂದು ಮಾಸ್ಕ್, ಬೇಕಾದವರಿಗೆ ಪ್ಯಾಡ್. ತಿನ್ನಲು ಕರಗದ, ಪುಡಿಯಾಗದ ಏನಾದರೂ. ಪವರ್ ಬ್ಯಾಂಕ್ 10,000 ಎಂಎಎಚ್‌ನದು ಒಂದು ದಿನಕ್ಕೆ ಧಾರಾಳ ಸಾಕು. ಟಿಕೆಟ್ಟಿನ ಕ್ಯೂಆರ್ ಕೋಡ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಅದೇ ಕಾರಣಕ್ಕೆ ಸ್ವಲ್ಪ ನಗದೂ ಇರಲಿ.

ಇನ್ನೊಂದು ಮಾತು. ತಲೆನೋವು, ವಾಕರಿಕೆ, ಸುಸ್ತು, ವಿಪರೀತ ಬೆವರು ಬಂದರೆ ಕ್ಯೂ ಬಿಟ್ಟು ನೆರಳಿಗೆ ಹೋಗಿ. ಜಾಗ ಹೋದರೆ ಹೋಗಲಿ. ಗೆಳತಿ ಸಂಬಂಧವಿಲ್ಲದ ಮಾತಾಡುತ್ತಿದ್ದಾಳೆ, ತಡವರಿಸುತ್ತಿದ್ದಾಳೆ, ಮೈ ಕಾದ ಹೆಂಚಿನ ಹಾಗೆ ಸುಡುತ್ತಿದೆ ಎಂದರೆ ಅದು ಬಿಸಿಲ ಹೊಡೆತ ಇರಬಹುದು. ಬೆವರುತ್ತಿದ್ದಾಳಲ್ಲ, ಏನೂ ಆಗಿಲ್ಲ ಎಂದುಕೊಳ್ಳಬೇಡಿ, ಬೆವರು ಇದ್ದೂ ಬಿಸಿಲು ಹೊಡೆಯಬಹುದು. ತಕ್ಷಣ ಆಂಬುಲೆನ್ಸ್ ಕರೆಸಿ, ಅದು ಬರುವವರೆಗೆ ಮೈಮೇಲೆ ನೀರು ಹಾಕುತ್ತಾ ಗಾಳಿ ಬೀಸುತ್ತಾ ಇರಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ನಾನು ಕಾಸ್‌ಪ್ಲೇ ಮಾಡುತ್ತೇನೆ, ಅಂದರೆ ಇಷ್ಟದ ಪಾತ್ರದ ವೇಷ ಹಾಕುತ್ತೇನೆ. ಫೋಮ್ ಕವಚ, ವಿಗ್, 3ಡಿ ಪ್ರಿಂಟ್ ಮಾಡಿದ ಹೆಲ್ಮೆಟ್. ಈ ಸೆಕೆಯಲ್ಲಿ ವೇಷ ಹಾಳಾಗದ ಹಾಗೆ, ನಾನೂ ಹಾಳಾಗದ ಹಾಗೆ ಏನೇನು ಇಟ್ಟುಕೊಳ್ಳಬೇಕು?

ಉತ್ತರ: ತಿಂಗಳುಗಟ್ಟಲೆ ಕೂತು ಮಾಡಿದ ವೇಷ ಬಾಗಿಲಲ್ಲೇ ಬಿಚ್ಚಿಕೊಂಡರೆ ಎಷ್ಟು ನೋವಾಗುತ್ತದೆ ಎಂದು ನನಗೆ ಗೊತ್ತು. ಹೆಲ್ಮೆಟ್ಟಿನಿಂದಲೇ ಶುರು ಮಾಡೋಣ. ಅದು ಪಿಎಲ್‌ಎ ಪ್ಲಾಸ್ಟಿಕ್ಕಿನದಾದರೆ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಸಲೀಸಾಗಿ ಏರುತ್ತದೆ. 'ಕಾರಲ್ಲೇ ಇರಲಿ, ಆಮೇಲೆ ತಗೊಳ್ಳೋಣ' ಎಂದು ಬಿಟ್ಟು ಹೋದ ಹೆಲ್ಮೆಟ್ ಸೊಟ್ಟಗಾಗಿರುತ್ತದೆ. ಗ್ಲೂ ಗನ್ನಿನಲ್ಲಿ ಅಂಟಿಸಿದ ಜೋಡಣೆಗಳೂ ಅದೇ ಬಿಸಿಗೆ ಸಡಿಲವಾಗುತ್ತವೆ. ಹೆಲ್ಮೆಟ್ ನಿಮ್ಮ ಜೊತೆಗೇ ಬರಲಿ, ಬಿಳಿ ಬಟ್ಟೆ ಸುತ್ತಿ ನೆರಳಲ್ಲಿಡಿ. ಮುಂದಿನ ಸಲ ಪ್ರಿಂಟ್ ಮಾಡುವುದಾದರೆ ಪಿಇಟಿಜಿ ಎಂಬ ಪ್ಲಾಸ್ಟಿಕ್ ನೋಡಿ, ಅದು ಇನ್ನೂ ಸ್ವಲ್ಪ ಜಾಸ್ತಿ ಬಿಸಿ ತಡೆಯುತ್ತದೆ.

ರಿಪೇರಿ ಡಬ್ಬಿ ಅಂಗೈಯಷ್ಟಿದ್ದರೆ ಸಾಕು. ದೊಡ್ಡ ಚಿಕ್ಕ ಸೇಫ್ಟಿ ಪಿನ್ನು, ದಾರ ಪೋಣಿಸಿಟ್ಟ ಸೂಜಿ, ಎರಡೂ ಬದಿ ಅಂಟುವ ಟೇಪು, ಗಟ್ಟಿ ಬಟ್ಟೆ ಟೇಪು, ವಿಗ್ಗಿಗೆ ಪಿನ್ನು, ಒಂದು ಸಣ್ಣ ಸೂಪರ್ ಗ್ಲೂ. ದಾರವನ್ನು ಮನೆಯಲ್ಲೇ ಪೋಣಿಸಿಡಿ ಎಂದು ಒತ್ತಿ ಹೇಳುತ್ತೇನೆ. ಗುಂಪಿನಲ್ಲಿ, ಬೆವರುಗೈಯಲ್ಲಿ ಸೂಜಿಗಣ್ಣು ಹುಡುಕುವುದು ಆಗದ ಕೆಲಸ. ಇನ್ನೊಂದು, ಸೂಪರ್ ಗ್ಲೂ ಯಾವತ್ತೂ ಮೈಮೇಲಿರುವ ಹತ್ತಿ ಬಟ್ಟೆಗೆ ಹಾಕಬೇಡಿ. ಹತ್ತಿ ಮುಟ್ಟಿದ ತಕ್ಷಣ ಅದು ಜೋರಾಗಿ ಕಾಯುತ್ತದೆ, ಚರ್ಮ ಸುಡುವಷ್ಟು. ಬಟ್ಟೆ ಹರಿದರೆ ಪಿನ್ನು ಚುಚ್ಚಿ, ಗ್ಲೂ ಫೋಮಿಗೆ ಮತ್ತು ಪ್ಲಾಸ್ಟಿಕ್ಕಿಗೆ ಮಾತ್ರ.

ಇನ್ನು ನಿಮ್ಮ ಮೈ. ಫೋಮ್ ಕವಚದೊಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ. ಒಳಗೆ ತೆಳ್ಳನೆಯ, ಬೇಗ ಒಣಗುವ ಬಟ್ಟೆ ಹಾಕಿ, ಬದಲಾಯಿಸಲು ಇನ್ನೊಂದು ಇರಲಿ. ಹೆಲ್ಮೆಟ್ ಫೋಟೋಗೆ ಹಾಕಿ, ಫೋಟೋ ಮುಗಿದ ಕೂಡಲೇ ತೆಗೆಯಿರಿ. ಬಾಟಲಿಯಿಂದ ನೇರ ಕುಡಿಯಲಾಗದ ಮುಖವಾಡ ಇದ್ದರೆ ಉದ್ದನೆಯ ಸ್ಟ್ರಾ ಬೇಕು. ಕೈಗವಚ ಹಾಕಿದವರಿಗೆ ಬಾಟಲಿ ಮುಚ್ಚಳ ತೆರೆಯುವುದಕ್ಕೂ ಆಗುವುದಿಲ್ಲ. ಆದ್ದರಿಂದ ವೇಷ ಹಾಕದ ಗೆಳೆಯನೊಬ್ಬ ಜೊತೆಗೆ ಬರಲಿ. ನೀರು ಅವನ ಹತ್ತಿರ, ರಿಪೇರಿ ಡಬ್ಬಿ ಅವನ ಹತ್ತಿರ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದರ ಡಬ್ಬಿ, ದ್ರಾವಣ, ಕನ್ನಡಕ ಮೂರನ್ನೂ ಒಯ್ಯಿರಿ. ಕಣ್ಣು ಉರಿದರೆ ತೆಗೆದುಬಿಡಿ. ಲೆನ್ಸನ್ನು ಯಾವ ಕಾರಣಕ್ಕೂ ನಲ್ಲಿ ನೀರಲ್ಲಿ ತೊಳೆಯಬೇಡಿ.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಮೇಳ ಇರುವುದು ಕೊರೆಯುವ ಚಳಿಯಲ್ಲಿ. ಹೊರಗೆ ಕ್ಯೂನಲ್ಲಿ ನಡುಕ, ಒಳಗೆ ಜನರ ಬಿಸಿಗೆ ಬೆವರು. ಹೇಗೆ?

ಉತ್ತರ: 1975ರಲ್ಲಿ ಶುರುವಾದ ಟೋಕಿಯೊದ ಕಾಮಿಕ್ಸ್ ಮೇಳ ಕಾಮಿಕೆಟ್ ಈಗ ವರ್ಷಕ್ಕೆರಡು ಸಲ, ಆಗಸ್ಟ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಒಂದೇ ಮೇಳಕ್ಕೆ ಎರಡು ಥರದ ಬ್ಯಾಗು ಬೇಕು! ಚಳಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ವಾಸಿ. ಒಳಗೆ ಹೋದ ಮೇಲೆ ಒಂದೊಂದಾಗಿ ತೆಗೆದು ಸುರುಳಿ ಸುತ್ತಿಡಬಹುದು. ಮೈಗೆ ತಾಗುವ ಪದರ ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಮತ್ತೆ ಹೊರಗೆ ಬಂದಾಗ ನಡುಗಿಸುತ್ತದೆ. ತೆಳು ಉಣ್ಣೆ ಒಳ್ಳೆಯದು.

ಪಾದಗಳನ್ನು ಮರೆಯುತ್ತಾರೆ. ಮೈಯ ಬಿಸಿಯನ್ನು ತಣ್ಣನೆಯ ನೆಲವೂ ಹೀರುತ್ತದೆ. ಒಂದು ತುಂಡು ದಪ್ಪ ರಟ್ಟು ಒಯ್ದು ಅದರ ಮೇಲೆ ನಿಲ್ಲಿ. ಕೊಂಡ ಚಿತ್ರಗಳು ಮಡಿಚಿ ಹೋಗದ ಹಾಗೆ ಬೆಂಬಲಕ್ಕೂ ಅದೇ ರಟ್ಟು ಬರುತ್ತದೆ. ಫೋನು, ಪವರ್ ಬ್ಯಾಂಕು ಒಳ ಜೇಬಿನಲ್ಲಿ, ಮೈಗೆ ಹತ್ತಿರ ಇರಲಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಲಿಥಿಯಂ ಬ್ಯಾಟರಿ ಕೆಡುತ್ತದೆ. ಮತ್ತೆ ನೀರು ಚಳಿಗೂ ಬೇಕು, ಅಲ್ವಾ? ಬಾಯಾರಿಕೆ ಗೊತ್ತಾಗುವುದಿಲ್ಲ ಅಷ್ಟೇ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಆಸ್ತಮಾ ಇದೆ, ಇನ್ಹೇಲರ್ ಬಳಸುತ್ತಾನೆ. ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ಳುತ್ತೇನೆ. ಬೇಸಿಗೆ ಮೇಳಕ್ಕೆ ಕರೆದುಕೊಂಡು ಹೋಗಲೇ ಬೇಕೆಂದು ಹಟ ಮಾಡುತ್ತಿದ್ದಾನೆ. ಹೋಗಬಹುದೇ?

ಉತ್ತರ: ನಿಮ್ಮ ಡಾಕ್ಟರ್ ಬೇಡ ಎನ್ನದಿದ್ದರೆ ಖಂಡಿತ ಹೋಗಿ. ಅವನ ವಯಸ್ಸಿಗೆ ಆ ಮೇಳ ದೊಡ್ಡ ಸಂಭ್ರಮ. ಇನ್ಹೇಲರ್ ಅವನ ಜೇಬಿನಲ್ಲೇ ಇರಲಿ, ನಿಮ್ಮ ಬ್ಯಾಗಿನಲ್ಲಿ ಬೇಡ. ಗುಂಪಿನಲ್ಲಿ ನೀವಿಬ್ಬರೂ ಬೇರೆಯಾಗಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಬಿಡಬೇಡಿ, ಅದು ಒತ್ತಡ ತುಂಬಿದ ಡಬ್ಬಿ. ಇನ್ಸುಲಿನ್ನನ್ನು ತಂಪು ಚೀಲದಲ್ಲಿಡಿ, ಆದರೆ ಐಸ್ ಪ್ಯಾಕ್‌ಗೆ ನೇರ ತಾಗದಿರಲಿ. ನಡುವೆ ಬಟ್ಟೆ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವ ಹಾಗಿಲ್ಲ. ಸಕ್ಕರೆ ಇಳಿದರೆ ತಿನ್ನಲು ಗ್ಲೂಕೋಸ್ ಮಾತ್ರೆ ಕೈಗೆ ಸಿಗುವ ಜೇಬಿನಲ್ಲಿ. ಔಷಧಿ ಚೀಟಿಯ ಪ್ರತಿ ಜೊತೆಗಿದ್ದರೆ ತಪಾಸಣೆಯಲ್ಲಿ ಸಿರಿಂಜು ನೋಡಿ ತಡೆಯುವುದಿಲ್ಲ.

ಒಳಗೆ ಹೋಗುವ ಮೊದಲೇ ಒಂದು ಗುರುತಿನ ಜಾಗ ಮಾತಾಡಿಕೊಳ್ಳಿ. ಮುಖ್ಯ ಬಾಗಿಲು ಬೇಡ, ಅಲ್ಲೇ ಅತಿ ಹೆಚ್ಚು ನೂಕಾಟ. ಮಾಹಿತಿ ಕೌಂಟರ್ ಒಳ್ಳೆಯದು. ನಿಮ್ಮ ಫೋನ್ ನಂಬರನ್ನು ಅವನ ಮುಂಗೈ ಮೇಲೆ ಅಳಿಸದ ಪೆನ್ನಲ್ಲಿ ಬರೆಯಿರಿ. ಅವನು ಬೇಡ ಎಂದರೂ ಬರೆಯಿರಿ.